ಬಳಿಯದ ಗಟಾರದ ಪಟ್ಟಿ

ದೊಡ್ಡವ್ವನ ಅಂಗೈ ರೊಟ್ಟಿ ಬಡಿದು ಬಡಿದು ಚಪ್ಪಟೆಯಾಗಿತ್ತು; ಬೆರಳ ಸಂದಿಯಲ್ಲಿ ಯಾವಾಗಲೂ ಜೋಳದ ಹಿಟ್ಟು. ರಕ್ತಸಂಬಂಧವೇನಿಲ್ಲ, ಪಕ್ಕದ ಮನೆಯವಳು. ದೇವಾಪುರದಿಂದ ಮದುವೆಯಾಗಿ ಬಂದವಳು, ಗಂಡ ಸತ್ತ ಮೇಲೆ ಬಾಗಿಲಲ್ಲೇ ಒಲೆ ಹೂಡಿ ಬಂಡಿಯವರಿಗೆ ರೊಟ್ಟಿ ಮಾರುತ್ತಿದ್ದಳು. ಹಸಿದು ಹೋದರೆ ನನಗೂ ಒಂದು ರೊಟ್ಟಿ, ಜೊತೆಗೆ ಎರಡು ಬೈಗುಳ.

ಒಲೆಯ ಮುಂದೆಯೇ ಓಣಿಯ ಗಟಾರ. ಅದರ ನಾತ ರೊಟ್ಟಿಯ ಘಮವನ್ನೂ ನುಂಗುತ್ತಿತ್ತು. ನಿಜಾಮನ ಆಡಳಿತ ಹೋಗಿ ಹೊಸ ಸರಕಾರ ಬಂದಿತ್ತು. ಬಲದಿಯಾ ಎನ್ನುತ್ತಿದ್ದ ನಮ್ಮೂರ ಪುರಸಭೆಯಲ್ಲಿ ಮಾತ್ರ ಅದೇ ಮಂದಿ ಟೋಪಿ ಬದಲಿಸಿ ಕೂತಿದ್ದರು. ಕೆಸರು ತೆಗೆದು ಗಟಾರ ಬಳಿಯಲು ಒಬ್ಬನೂ ಬರುತ್ತಿರಲಿಲ್ಲ. ಬಳಿದದ್ದಕ್ಕೆಂದು ಗಟಾರ ಪಟ್ಟಿ ಎಂಬ ತೆರಿಗೆ ವಸೂಲಿ ಮಾಡಲು ಕಾರಕೂನ ತಪ್ಪದೆ ಬರುತ್ತಿದ್ದ. ನಾಚಿಕೆಗೆಟ್ಟವರು.

ಒಂದು ದಿನ ದೊಡ್ಡವ್ವ ಗಟಾರದ ದಂಡೆಗೇ ಮಣೆ ಹಾಕಿ ಅವನನ್ನು ಕೂರಿಸಿದಳು. ಮನೆಗೆ ಬಂದವರನ್ನು ಉಣ್ಣಲಿಕ್ಕೆ ಇಡದೆ ಕಳಿಸಿದವಳಲ್ಲ. ಬಿಸಿ ರೊಟ್ಟಿ, ಪುಂಡಿ ಪಲ್ಯ ಬಡಿಸಿದಳು. ಅವನು ಮೂಗಿಗೆ ಕರವಸ್ತ್ರ ಹಿಡಿದ.

"ಉಣ್ರಿ ಸಾಹೇಬ್ರ. ನಾವು ದಿನಾ ಇಲ್ಲೇ ಉಣ್ತೀವಿ. ನಿಮಗ ಗಂಟಲಾಗ ಇಳೀವಲ್ದೇನು?"

ಅವನು ರೊಟ್ಟಿ ಮುಟ್ಟದೆ ಎದ್ದು ಹೋದ. ಮರುದಿನ ಬಲದಿಯಾದವರು ಪಟ್ಟಿ ಬಾಕಿಗೆ ಜಪ್ತಿ ಎಂದು ಅವಳ ರೊಟ್ಟಿ ಬೇಯಿಸುವ ಹಂಚು ಹೊತ್ತೊಯ್ದರು. ಅದಿಲ್ಲದೆ ಅವಳಿಗೆ ತುತ್ತಿಲ್ಲ. ನೇರ ತಹಶೀಲ್ದಾರರ ಮುಂದೆ ಹೋಗಿ ನಿಂತಳು.

"ಗಟಾರ ಬಳೀಲಾರದ ಬಳಿದ ರೊಕ್ಕ ಕೇಳ್ತಾರ್ರಿ. ನಾ ರೊಟ್ಟಿ ಕೊಡಲಾರದ ರೊಟ್ಟಿ ರೊಕ್ಕ ಕೇಳಿದ್ರ ಬಿಡ್ತೀರೇನು? ಮೊದಲ ಗಟಾರ ಬಳೀಲಿ."

ಮಾಡದ ಕೆಲಸಕ್ಕೆ ಪಟ್ಟಿ ಹಾಕುವ ಅಧಿಕಾರ ಬಲದಿಯಾಕ್ಕೆ ಇಲ್ಲವೆಂದು ತಹಶೀಲ್ದಾರರು ಹೇಳಿದರು. ಹಂಚು ಮರಳಿ ಬಂತು, ಓಣಿಯ ಪಟ್ಟಿ ರದ್ದಾಯಿತು. ರೊಕ್ಕವಿಲ್ಲದ ಮೇಲೆ ಗಟಾರದ ಗೊಡವೆ ನಮಗೇಕೆಂದು ಬಲದಿಯಾದವರು ಕೈತೊಳೆದುಕೊಂಡರು. ನಮ್ಮವರೋ, ರೊಕ್ಕ ಉಳಿಯಿತೆಂದು ಸಕ್ಕರೆ ಬೀರಿದರು! ನನ್ನಪ್ಪನೇ ಮುಂದೆ ನಿಂತು ಬೀರಿದ. ದೊಡ್ಡವ್ವ ಮುಟ್ಟಲಿಲ್ಲ.

"ನಾ ಪಟ್ಟಿ ಮಾಫಿ ಕೇಳಿದ್ನೇನು? ಗಟಾರ ಬಳೀರಿ ಅಂದಿದ್ದೆ. ನಾತದಾಗ ಕುಂತು ಸಕ್ರಿ ತಿಂತೀರಲ್ಲ, ಥೂ!"

ಹೇಸಿಗೆಗೆ ಹೊಂದಿಕೊಳ್ಳಬಾರದೆಂದು ನನಗೆ ಕಲಿಸಿದವಳು ಅವಳೊಬ್ಬಳೇ.

ಆ ಮಳೆಗಾಲ ವಾಂತಿಭೇದಿ ಬಂತು. ಓಣಿಯಲ್ಲಿ ಮೊದಲು ಹೋದವಳು ದೊಡ್ಡವ್ವ. ಹೆಣ ಎತ್ತುವ ಮೊದಲೇ ಬಲದಿಯಾದವರು ಸಲಿಕೆ, ಸುಣ್ಣದ ಪುಡಿ ಹಿಡಿದು ಓಡಿಬಂದು ಗಟಾರ ಬಳಿದರು; ಬೇನೆ ತಮ್ಮ ಮನೆಗಳತ್ತ ದಾಟೀತೆಂಬ ಭಯ.

ಮುಂದಿನ ತಿಂಗಳು ಕಾರಕೂನ ಮತ್ತೆ ಬಂದ. "ಈಗ ಬಳಿದೀವಲ್ಲ" ಎಂದ. ಸಕ್ಕರೆ ಬೀರಿದ ಕೈಯಿಂದಲೇ ಅಪ್ಪ ಪಟ್ಟಿ ಕಟ್ಟಿದ.