ಬಾಣಂತಿಯ ಮುಟಗಿ

ನಮ್ಮ ಕಾಲದ ಊಟ ಎಷ್ಟು ಸಾದಾ ಇತ್ತು, ಮನೆಯಲ್ಲಿ ಇದ್ದುದರಲ್ಲೇ ಎಷ್ಟು ರುಚಿ ಮಾಡುತ್ತಿದ್ದರು ಎಂದು ಯಾರಾದರೂ ಹೊಗಳಲು ಶುರು ಮಾಡಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಸಾದಾ ಇದ್ದದ್ದು ನಿಜ. ರುಚಿ ಇದ್ದದ್ದೂ ನಿಜ. ಅದನ್ನು ಬಿಸಿಬಿಸಿಯಾಗಿ ಉಂಡವರು ಯಾರು ಎಂದು ಮಾತ್ರ ಯಾರೂ ಕೇಳುವುದಿಲ್ಲ. ಹೀಗೆ ಹೊಗಳುವವರೆಲ್ಲ ಪಡಸಾಲೆಯಲ್ಲಿ ಕುಳಿತು ಉಂಡವರು. ನಾನು ಒಲೆಯ ಮುಂದೆ ಕುಳಿತವಳು, ನನ್ನ ಕಥೆ ಬೇರೆ.

ಮುಟಗಿಯನ್ನೇ ತೆಗೆದುಕೊಳ್ಳಿ. ಪಲ್ಯಕ್ಕೆ, ಸಾರಿಗೆ ಏನೂ ಇಲ್ಲದ ದಿನ ಮಾಡುವ ತಿನಿಸು ಅದು. ಜೋಳದ ರೊಟ್ಟಿಯನ್ನು ತುಸು ದಪ್ಪಗೆ ಬಡಿದು, ಹಂಚಿನಿಂದ ಇಳಿಸಿದ ಕೂಡಲೇ ಒರಳಿಗೆ ಮುರಿದು ಹಾಕಬೇಕು. ಜೊತೆಗೆ ಬೆಳ್ಳುಳ್ಳಿ, ಜೀರಿಗೆ, ಉಪ್ಪು, ಒಣಮೆಣಸಿನಕಾಯಿ. ಕೈ ಸುಡುತ್ತಿರುವಾಗಲೇ ಕುಟ್ಟಿ, ತುಪ್ಪವೋ ಶೇಂಗಾ ಎಣ್ಣೆಯೋ ಇದ್ದದ್ದನ್ನು ಸುರಿದು, ಮುಷ್ಟಿಯಲ್ಲಿ ಒತ್ತಿ ಉಂಡೆ ಮಾಡಬೇಕು. ಹಿಡಿದವಳ ಬೆರಳಿನ ಗುರುತು ಅದರ ಮೇಲೆ ಮೂಡಿರುತ್ತದೆ. ಬಿಸಿ ಇದ್ದಾಗ ತಿಂದರೆ ಜೀವಕ್ಕೆ ಸಮಾಧಾನ. ಆರಿತೋ, ಬರೀ ಹಿಟ್ಟಿನ ಗಟ್ಟಿ. ಹಿರೇಕೆರೂರಿನ ಕಡೆಯ ನನ್ನ ತವರಿನಲ್ಲಿ ಅವ್ವ ಜ್ವರ ಬಿಟ್ಟವರಿಗೆ ಇದನ್ನೇ ಮಾಡಿ ಕೊಡುತ್ತಿದ್ದಳು. ಹೆತ್ತವರಿಗಾದರೆ ಮೆಣಸಿನಕಾಯಿ ಬಿಟ್ಟು ಕಾಳುಮೆಣಸು ಹಾಕಿ, ಹಾಲು ಇಳಿಯಲೆಂದು ಬೆಳ್ಳುಳ್ಳಿಯನ್ನು ಕೈತುಂಬ ಹಾಕುತ್ತಿದ್ದಳು.

ಎರಡನೆಯ ಮಹಾಯುದ್ಧದ ಕಾಲ. ನನ್ನ ತಂಗಿಯನ್ನು ಸವಣೂರಿನ ಹತ್ತಿರದ ಒಂದು ಹಳ್ಳಿಗೆ ಕೊಟ್ಟಿದ್ದರು. ಮೊದಲಿನ ಹೆರಿಗೆಗಳು ತವರಿನಲ್ಲಿ ಆದವು. ಮೂರನೆಯ ಹೊತ್ತಿಗೆ ಅವ್ವನ ಕೈಲಾಗದೆ, ಗಂಡನ ಮನೆಯಲ್ಲೇ ಹೆತ್ತಳು. ಹಂಸಭಾವಿಯಲ್ಲಿ ಸಂಸಾರ ಮಾಡಿಕೊಂಡಿದ್ದ ನನ್ನನ್ನು ಬಾಣಂತನ ಮಾಡಲು ಅಲ್ಲಿಗೆ ಕಳಿಸಿದರು. ನಾನು ಹೋದಾಗ ಕೂಸನ್ನು ತೊಟ್ಟಿಲಿಗೆ ಹಾಕಿ ಇನ್ನೂ ವಾರವಾಗಿರಲಿಲ್ಲ, ತಂಗಿ ಆಗಲೇ ರೊಟ್ಟಿ ಬಡಿಯುತ್ತಿದ್ದಳು. ಕಿವಿ ಮುಚ್ಚುವಂತೆ ತಲೆಗೆ ಅರಿವೆ ಕಟ್ಟಿಕೊಂಡಿದ್ದಳು. ಆ ಮನೆಯಲ್ಲಿ ಬಾಣಂತನ ಅಂದರೆ ಅಷ್ಟೇ.

ತಂಗಿಯ ಮಾವನಿಗೆ ದೊಡ್ಡ ಹೆಸರಿತ್ತು. ಶಿಗ್ಗಾಂವಿ, ಸವಣೂರು, ಹಾನಗಲ್ಲು, ಎಲ್ಲಿಂದ ಬಂದವರೇ ಆಗಲಿ, ಅವರ ಬಾಗಿಲ ಮುಂದೆ ಹಾದರೆ ಉಣ್ಣದೆ ಮುಂದೆ ಹೋಗುವಂತಿರಲಿಲ್ಲ. ಸರಕಾರಕ್ಕೆ ಕೊಡಲೇಬೇಕಾದ ಲೆವಿ ಕಾಳು ಅಳೆದು ಕೊಟ್ಟ ಮೇಲೆ ನೆಲದೊಳಗಿನ ಹಗೇವಿನಲ್ಲಿ ಉಳಿದ ಜೋಳ ಮನೆಯವರಿಗೇ ಹೇಗೋ ಸಾಲುತ್ತಿತ್ತು. ಆದರೂ ಅವರ ಕೈ ಹಿಂದೆ ಸರಿಯಲಿಲ್ಲ. ಯಾಕೆ ಸರಿಯಬೇಕು? ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ. ಗಂಡಸರ ಪಂಕ್ತಿ ಮುಗಿದು, ಆಳುಮಕ್ಕಳದು ಮುಗಿದು, ಹೆಂಗಸರು ಗಂಗಾಳ ಮುಂದೆ ಎಳೆದುಕೊಳ್ಳುವ ಹೊತ್ತಿಗೆ ಹೊರಗೆ ಗಾಡಿ ನಿಂತ ಸಪ್ಪಳವಾಗುತ್ತಿತ್ತು. ಬಂದವರ ಎಲೆಗೆ ಬೀಳುತ್ತಿದ್ದದ್ದು ಮಾವನ ಪಾಲಿನ ರೊಟ್ಟಿಯಲ್ಲ, ಹೆಂಗಸರದು. ನಾವು ಅಂಬಲಿಗೆ ನೀರು ಬೆರೆಸಿ ಕುಡಿದು ಏಳುತ್ತಿದ್ದೆವು. ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರಲ್ಲ, ಅಲ್ಲಿ ಕೆಸರಾದ ಕೈ ಒಬ್ಬರದು, ಮೊಸರಾದ ಬಾಯಿ ಇನ್ನೊಬ್ಬರದು.

ಇನ್ನೊಂದು ವಿಷಯ ಹೇಳಬೇಕು. ನಮ್ಮ ಕಡೆ ಬಂದವರು ಮೊದಲ ಮಾತಿಗೇ ಉಣ್ಣುತ್ತೇನೆ ಎನ್ನುವುದಿಲ್ಲ. ಹಸಿದು ಸಾಯುತ್ತಿದ್ದರೂ ಊಟ ಆಗಿದೆ ಎನ್ನಬೇಕು. ಮನೆಯವರು ಅದನ್ನು ನಂಬಬಾರದು, ಒತ್ತಾಯ ಮಾಡಬೇಕು. ಬಂದವರು ಮತ್ತೆ ಬೇಡ ಎನ್ನಬೇಕು, ಇವರು ಮತ್ತೆ ಒತ್ತಾಯಿಸಬೇಕು. ಹೀಗಾಗಿ ನಿಜವಾಗಿಯೂ ಉಂಡು ಬಂದವನಿಗೆ ಅದನ್ನು ಹೇಳಲು ಬೇರೆ ಮಾತೇ ಇಲ್ಲ. ಹಸಿದವನೂ ಉಂಡವನೂ ಆಡುವುದು ಒಂದೇ ಮಾತು, ಇಬ್ಬರಿಗೂ ಬಡಿಸುವುದು ಒಂದೇ ಬಡಿಸುವುದು.

ಕೂಸು ಮೊಲೆಗೆ ಬಾಯಿ ಹಾಕಿ, ನಾಲ್ಕು ಸಲ ಚೀಪಿ, ಬಿಟ್ಟು ಅಳುತ್ತಿತ್ತು. ಅದರ ಅಳು ದಿನದಿನಕ್ಕೆ ಸಣ್ಣದಾಗುತ್ತಿತ್ತು. ಎಣ್ಣೆ ನೀರು ಹಾಕಲು ಬರುತ್ತಿದ್ದ ಸೂಲಗಿತ್ತಿ ತಂಗಿಯ ಎದೆ ಮುಟ್ಟಿ ನೋಡಿ ನನ್ನನ್ನು ಹಿತ್ತಲಿಗೆ ಕರೆದಳು. "ಬಿಸಿ ಉಣಿಸ್ರಿ ಆಕಿಗೆ. ಹಾಲು ಬತ್ತಿದ್ರ ಕೂಸು ಉಳಿಯಂಗಿಲ್ಲ" ಎಂದಳು. ಮೆತ್ತಗೆ ಹೇಳಿದಳು, ಪಡಸಾಲೆಗೆ ಕೇಳಬಾರದೆಂದು. ಅಲ್ಲಿ ಎಲ್ಲವನ್ನೂ ಮೆತ್ತಗೇ ಹೇಳುತ್ತಿದ್ದರು.

ಮರುದಿನ ಮುಂಜಾನೆ ನಾನೇ ಬೀಸುವ ಕಲ್ಲಿನ ಮುಂದೆ ಕುಳಿತು ತಂಗಿಯ ಪಾಲಿನ ಹಿಟ್ಟು ಬೇರೆ ಬೀಸಿ ಇಟ್ಟೆ. ಮಧ್ಯಾಹ್ನ ಎಲ್ಲರದೂ ಆದ ಮೇಲೆ ರೊಟ್ಟಿ ಬಡಿದು ಮುಟಗಿ ಕುಟ್ಟಿದೆ. ಬೆಳ್ಳುಳ್ಳಿ, ತುಪ್ಪದ ವಾಸನೆ ಮನೆಯೆಲ್ಲ ತುಂಬಿತು. ಎರಡು ಉಂಡೆ ಹಿಡಿದು ಗಂಗಾಳದಲ್ಲಿಟ್ಟೆ. ತಂಗಿ ಕೂಸನ್ನು ಮಗ್ಗುಲಿಗೆ ಮಲಗಿಸಿ ಕೈ ತೊಳೆಯುತ್ತಿದ್ದಳು. ಆಗ ಹೊರಗೆ ಗಾಡಿ ನಿಂತಿತು.

ಬಂದವನು ಹಾನಗಲ್ಲಿನ ಕಡೆಯ ಸಾಹುಕಾರ, ಗದ್ದೆ ಉಳ್ಳವನು, ಶಿಗ್ಗಾಂವಿಯ ಬೀಗರ ಮನೆಯಿಂದ ಬರುತ್ತಿದ್ದ. ಒಳಗಿನ ವಾಸನೆ ಚಲೋ ಇದೆ, ಏನು ಮಾಡಿದ್ದೀರಿ, ತನ್ನಿ ಎಂದು ಮಾವ ಅಲ್ಲಿಂದಲೇ ಕೂಗಿದರು. ಅವನು ಊಟ ಆಗಿದೆ ಎಂದ. ಇವರು ಒತ್ತಾಯಿಸಿದರು. ಅವನು ಹೊಟ್ಟೆ ಸವರಿಕೊಂಡು ಮತ್ತೆ ಬೇಡ ಎಂದ. ಇವರು ಬಿಡಲಿಲ್ಲ. ಅಷ್ಟರಲ್ಲಿ ತಂಗಿಯ ಅತ್ತೆ ಒಳಗೆ ಬಂದರು, ನನ್ನ ಮುಖ ನೋಡಲಿಲ್ಲ, ತಂಗಿಯ ಮುಂದಿನ ಗಂಗಾಳ ಎತ್ತಿಕೊಂಡು ಹೊರಗೆ ನಡೆದರು. ತಂಗಿ ಇನ್ನೂ ಅದಕ್ಕೆ ಕೈ ಹಚ್ಚಿರಲಿಲ್ಲ. ಹಚ್ಚಿದ್ದರೆ ಎಂಜಲಾಗಿ ಅವಳಿಗೇ ಉಳಿಯುತ್ತಿತ್ತು.

ತಂಗಿ ತೊಳೆದ ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಅದನ್ನು ನೋಡಿ ನನಗೆ ಪಿತ್ತ ನೆತ್ತಿಗೇರಿತು. ಬಡಿಸುವುದಕ್ಕಲ್ಲದೆ ಹೆಂಗಸರು ಪಡಸಾಲೆಗೆ ಕಾಲಿಡದ ಮನೆ ಅದು. ನಾನು ಸೀದಾ ಹೋಗಿ ಸಾಹುಕಾರನ ಎದುರು ನಿಂತೆ.

"ನೀವು ಉಣ್ಣಾಕತ್ತಿದ್ದು ಬಾಣಂತಿ ಊಟ ರೀ" ಎಂದೆ. "ಆಕಿ ಮುಂಜಾನಿಂದ ಅಂಬಲಿ ಮ್ಯಾಲ ಅದಾಳ. ಕೂಸಿಗೆ ಹಾಲಿಲ್ಲ."

ಅವನ ಕೈ ಅಲ್ಲೇ ನಿಂತಿತು. ಒಂದು ಉಂಡೆ ಮುಗಿದಿತ್ತು, ಇನ್ನೊಂದನ್ನು ಮುರಿದಿದ್ದ. ಮುಖ ಸಣ್ಣದು ಮಾಡಿಕೊಂಡು, "ಬೀಗರ ಮನ್ಯಾಗ ಹೋಳಿಗಿ ಉಂಡು ಬಂದೇನವ್ವ. ಬ್ಯಾಡ ಅಂದೆ, ಕೇಳಲಿಲ್ಲ" ಎಂದ. ಸುಳ್ಳು ಹೇಳಲಿಲ್ಲ, ಕಷ್ಟಪಟ್ಟು ನುಂಗುತ್ತಿದ್ದದ್ದು ಕಣ್ಣಿಗೆ ಕಾಣುತ್ತಿತ್ತು. ಮಾವನ ಮಾನಕ್ಕಾಗಿ ಅವನು ತಿಂದ, ಅವನ ಮಾನಕ್ಕಾಗಿ ಮಾವ ಬಡಿಸಿದರು. ಇಡೀ ಪಡಸಾಲೆಯಲ್ಲಿ ಹಸಿದವರು ಒಬ್ಬರೂ ಇರಲಿಲ್ಲ. ತಂಗಿಯ ಗಂಡ ಕಂಬಕ್ಕೆ ಒರಗಿ ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಿದ್ದ. ಹಚ್ಚುತ್ತಲೇ ಇದ್ದ, ತಲೆ ಎತ್ತಲಿಲ್ಲ. ಸಾಹುಕಾರ ಕೈ ತೊಳೆದು ಎದ್ದುಹೋದ. ಮುರಿದ ಮುಟಗಿ ಪರರ ಎಂಜಲು. ಅದನ್ನು ಬಾಣಂತಿಗೆ ಕೊಡುವುದು ಹೇಗೆ? ಎಮ್ಮೆಯ ಮುಸುರೆಗೆ ಹೋಯಿತು.

ಮನೆಯ ಮಾನ ಬೀದಿಗೆ ಬಂತು ಎಂದು ಮಾವ ಕೂಗಾಡಿದರು. ಮಾನ ಅಂತೆ ಮಾನ. ಊರಿಗೆ ಉಪಕಾರಿ, ಮನೆಗೆ ಮಾರಿ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು, ತಂಗಿ ಅಲ್ಲೇ ಬಾಳಬೇಕಲ್ಲ ಎಂದು ನುಂಗಿಕೊಂಡೆ. ಅಡಿಗೆಮನೆಗೆ ಬಂದು ಅತ್ತೆಯನ್ನು ಕೇಳಿದೆ, ನಿಮಗಾದರೂ ಗೊತ್ತಾಗಬಾರದೇ ಎಂದು. "ನಾನೂ ನಾಕು ಹಡದೇನಿ. ಹಿಂಗ ಇದ್ದೆ. ಸತ್ತೇನೇನು?" ಎಂದರು. ಅವರು ಸತ್ತಿರಲಿಲ್ಲ. ನಾಲ್ಕರಲ್ಲಿ ಉಳಿದವು ಎರಡು. ಇದನ್ನು ಮತ್ತೊಂದು ದಿನ ಸೊಪ್ಪು ಸೋಸುತ್ತ ಅವರೇ ಹೇಳಿದರು, ಎಮ್ಮೆ ಗಬ್ಬವಾಗಲಿಲ್ಲ ಎಂದು ಹೇಳುವ ದನಿಯಲ್ಲೇ. ಅವರ ಮೇಲೆ ಸಿಟ್ಟು ಮಾಡಲೋ, ಅವರಿಗಾಗಿ ಸಿಟ್ಟು ಮಾಡಲೋ ನನಗೆ ತಿಳಿಯಲಿಲ್ಲ. ಇವತ್ತಿಗೂ ತಿಳಿದಿಲ್ಲ.

ಕೂಸು ಬದುಕಿತು, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ ನನ್ನ ಸಿಟ್ಟು ಇಳಿಯಲಿಲ್ಲ. ಅದಕ್ಕೆ ಕಾರಣ ಆ ಮಾವನೂ ಅಲ್ಲ, ಅತ್ತೆಯೂ ಅಲ್ಲ. ಸಾಹುಕಾರ ಬಂದುಹೋದ ಮರುದಿನ ನಡೆದದ್ದು.

ಮರುದಿನ ಮತ್ತೆ ಹಿಟ್ಟು ಬೀಸಿ, ರೊಟ್ಟಿ ಬಡಿದು, ಮುಟಗಿ ಕುಟ್ಟಿದೆ. ಈ ಸಲ ಮೊಂಡತನ ಮಾಡಿ, ಯಾರೂ ಕರೆಯುವ ಮೊದಲೇ ಒಂದು ಉಂಡೆ ಮುರಿದು ನನ್ನ ಕೈಯಿಂದಲೇ ತಂಗಿಯ ಬಾಯಿಗೆ ಇಟ್ಟೆ. ಅವಳು ಕಣ್ಣು ಮುಚ್ಚಿ ಅಗಿದಳು. ಬೆಳ್ಳುಳ್ಳಿ ತುಪ್ಪ ತುಟಿಯ ಅಂಚಿಗೆ ಹತ್ತಿತ್ತು. ಎಷ್ಟು ದಿನಗಳ ಮೇಲೆ ಅವಳು ಬಿಸಿ ತುತ್ತು ಉಂಡಳೋ ದೇವರಿಗೇ ಗೊತ್ತು. ಎರಡನೆಯ ತುತ್ತು ಅವಳೇ ತೆಗೆದುಕೊಂಡಳು. ಹೊರಗೆ ಎತ್ತಿನ ಗೆಜ್ಜೆ ಕೇಳಿತು. ಯಾರೋ ಬಂದಿದ್ದಾರೆ, ಒಳಗೆ ಏನಿದೆ ಎಂದು ಮಾವ ಕೂಗಿದರು.

ನಾನು ಅತ್ತೆ ಬರುತ್ತಾರೆಂದು ಬಾಗಿಲ ಕಡೆ ತಿರುಗಿದೆ. ಅತ್ತೆ ಬರಲಿಲ್ಲ, ನಡುಮನೆಯಲ್ಲಿ ಇದ್ದಲ್ಲೇ ಇದ್ದರು. ಹಿಂದಿನಿಂದ ತಂಗಿ ನನ್ನ ಸೆರಗು ಜಗ್ಗಿದಳು. ಬಾಯಲ್ಲಿ ತುತ್ತು ಹಾಗೇ ಇತ್ತು, ಗಂಗಾಳವನ್ನು ನನ್ನ ಕಡೆ ಸರಿಸಿದ್ದಳು.

"ಅಕ್ಕಾ, ಇನ್ನೊಂದು ಉಂಡಿ ನಾ ಮುಟ್ಟಿಲ್ಲ. ಅದನ್ನ ಒಯ್ದು ಕೊಡು."

ನಾನು ಆ ಉಂಡೆಯನ್ನು ಎತ್ತಿಕೊಂಡೆ. ಅವಳ ಕಣ್ಣ ಮುಂದೆಯೇ ಅದನ್ನು ಸುತ್ತಲೂ ನೆಕ್ಕಿ ಅವಳ ಗಂಗಾಳದಲ್ಲೇ ಇಟ್ಟೆ. ಈಗ ಇದನ್ನು ಯಾರಿಗೂ ಕೊಡಲು ಬರುವುದಿಲ್ಲ, ತಿನ್ನು ಎಂದೆ. ಪಡಸಾಲೆಯಿಂದ ಕೂಗು ಬರುತ್ತಲೇ ಇತ್ತು. ಅವಳು ಉಂಡು ಮುಗಿಸುವವರೆಗೂ ನಾನು ಅಡಿಗೆಮನೆಯ ಹೊಸ್ತಿಲಿಗೆ ಅಡ್ಡ ಕುಳಿತೆ. ತಂಗಿ ಅಳುತ್ತ ಉಂಡಳು, ಬಾಗಿಲ ಕಡೆ ನೋಡುತ್ತ, ಕದ್ದು ತಿನ್ನುವವಳ ಹಾಗೆ ಅವಸರ ಅವಸರವಾಗಿ.