ನಾಯಿ ಮೇಷ್ಟ್ರ ರಿಮೋಟು
ಕಾವಲು ನಾಯಿಗಳಿಗೆ ಪಾಠ ಹೇಳುವ ನಮ್ಮ ಬೀದಿಯ ನಾಯಿ ಮೇಷ್ಟ್ರಿಗೆ ಮೂಗಿನ ತುದಿಯಲ್ಲೇ ಕೋಪ. ಅವರು "ಕೂತ್ಕೋ" ಎಂದು ಗದರಿದರೆ ನಾಯಿಯಷ್ಟೇ ಅಲ್ಲ, ದಾರಿಯಲ್ಲಿ ಹೋಗುವ ಪೋಸ್ಟ್‌ಮ್ಯಾನ್ ಕೂಡ ಕೂತುಬಿಡುತ್ತಾನೆ. ಗಿರಾಕಿಗಳ ಮುಂದೆ ಎದೆಯುಬ್ಬಿಸಿ, "ಕೊರಳಿಗೆ ಕರೆಂಟ್ ಪಟ್ಟಿ ಹಾಕಿದೀನಿ ಸ್ವಾಮಿ, ಬಟನ್ ಒತ್ತಿದ್ರೆ ಎಂಥ ನಾಯಿನೂ ದಾರಿಗೆ ಬರುತ್ತೆ" ಎನ್ನುತ್ತಾರೆ. ಆ ಬಟನ್ನಿರುವ ರಿಮೋಟು ಮಾತ್ರ ಒಳಗೆ ಬಟ್ಟೆ ಹೊಲಿಯುವ ಅವರ ಅಕ್ಕನ ಬೀರುವಿನಲ್ಲಿದೆ. ಮೇಷ್ಟ್ರು ದಿನವೂ ಕೆಂಡವಾಗಿ ಒಳಗೆ ನುಗ್ಗುತ್ತಾರೆ. "ರಿಮೋಟು ಕೊಡಕ್ಕಾ." ಅಕ್ಕ ಮಿಷನ್ ನಿಲ್ಲಿಸದೆ ಕೇಳುತ್ತಾಳೆ, "ಏನ್ ತಪ್ಪು ಮಾಡ್ತು?" "ಕೂತ್ಕೋ ಅಂದ್ರೆ ಕೂರಲ್ಲ." "ಎಲ್ಲಿ ಕೂರ್ಬೇಕಿತ್ತು?" "ಅಂಗಳದ ಸಿಮೆಂಟ್ ಮೇಲೆ." "ಈ ಬಿಸಿಲಲ್ಲಾ? ಮೊದ್ಲು ನೀನೊಂದು ಗಳಿಗೆ ಕೂತು ಬಾ, ಕೊಡ್ತೀನಿ." ಮೇಷ್ಟ್ರು ಗೊಣಗುತ್ತಾ ನೀರಿನ ಬಟ್ಟಲು ಹಿಡಿದು ಹೊರಬಂದು ನಾಯಿಯನ್ನು ನೆರಳಿಗೆ ಕರೆಯುತ್ತಾರೆ. ಅಕ್ಕನ ಹಟದಿಂದ ತಮ್ಮ ವಿದ್ಯೆಯೇ ಹಾಳಾಯಿತೆಂದು ಬೀದಿಗೆಲ್ಲ ದೂರುತ್ತಾರೆ. ಆದರೆ ಪಟ್ಟಿ ತಂದ ದಿನವೇ ರಿಮೋಟನ್ನು ಆ ಬೀರುವಿನಲ್ಲಿಟ್ಟು ಬೀಗ ಹಾಕಿ, "ನನ್ನ ಕೋಪ ನಿನಗೆ ಗೊತ್ತಲ್ಲಕ್ಕಾ, ಕಾರಣ ಕೇಳದೆ ಕೊಡಬೇಡ" ಎಂದು ಕೀಲಿಯನ್ನು ಅವಳ ಕೈಗಿತ್ತವರು ಮೇಷ್ಟ್ರೇ.