ಹಳದಿ ಅಂದರೆ ಯಾವ ಹಳದಿ?

"ಎಲೆ ಹಳದಿ ಆಗೈತೆ ಕಣಮ್ಮ, ನೀನು ಹೇಳ್ದಂಗೇ ಹುರುಳಿ ಎರಚಿಬಿಟ್ಟೆ" ಎಂದು ಶಾಂತತ್ತಿಗೆ ಫೋನಿನಲ್ಲಿ ಹೇಳಿದಾಗ ನಾನು ಹಿಗ್ಗಿಹೋದೆ. ಆ ದಿನ ಆಫೀಸಿನಲ್ಲಿ ಸಿಕ್ಕವರಿಗೆಲ್ಲ ಕೃಷಿ ಪಾಠ. ನನ್ನ ಮಾತನ್ನೂ ಒಬ್ಬರು ಕೇಳಿದರಲ್ಲ!

(ಸಲಹೆ ಕೊಡುವುದು ನನ್ನ ಹಳೇ ಚಟ. ವಾರವಾರ ಈ ಅಂಕಣ ಓದುವ ನಿಮಗೆ ಬೇರೆ ಹೇಳಬೇಕೆ?)

ಸಲಹೆ ಇಷ್ಟೇ. ಸೋಯಾ ಕೊಯ್ದ ಮೇಲೆ ಹೊಲ ಬರಿದಾಗಿ ಬಿಸಿಲಿಗೆ ಒಣಗುತ್ತದೆ. ಅದರ ಬದಲು ಸೋಯಾ ನಿಂತಿರುವಾಗಲೇ, ಎಲೆ ಹಳದಿಯಾಗುತ್ತಿದ್ದಂತೆ, ಸಾಲುಗಳ ನಡುವೆ ಹುರುಳಿ ಎರಚಬೇಕು. ಉದುರಿದ ಎಲೆ ಬೀಜವನ್ನು ಮುಚ್ಚುತ್ತದೆ. ಕೊಯ್ಲಿನ ಹೊತ್ತಿಗೆ ಹುರುಳಿ ಮೊಳೆತು ನೆಲಕ್ಕೆ ಹೊದಿಕೆಯಾಗುತ್ತದೆ. ಮೊಬೈಲಿನಲ್ಲಿ ನೋಡಿದ ನಾಲ್ಕು ನಿಮಿಷದ ವಿಡಿಯೊ. ಅರಸೀಕೆರೆಯ ಬಾಡಿಗೆ ಮನೆಯಲ್ಲಿ ಒಂದು ಕುಂಡ ತುಳಸಿ ಬೆಳೆಸಿರುವ ನಾನು ಅದನ್ನು ಬಸ್ತಿಹಳ್ಳಿಯ ಅತ್ತಿಗೆಗೆ ದಾಟಿಸಿದ್ದೆ.

ಮಾರನೇ ಬೆಳಿಗ್ಗೆ ಹಲ್ಲುಜ್ಜುವಾಗ ತಲೆಗೆ ಹೊಳೆಯಿತು. ಅತ್ತಿಗೆ ಸೋಯಾ ಬಿತ್ತಿ ಎರಡು ತಿಂಗಳೂ ಆಗಿಲ್ಲ. ಮಾಗಿ ಹಳದಿಯಾಗಲು ಇನ್ನೂ ತಿಂಗಳಿಗಿಂತ ಹೆಚ್ಚು ಬೇಕು. ಹಾಗಾದರೆ ಈ ಹಳದಿ ಯಾವುದು?

ಫೋನ್ ಮಾಡಿ ಕೇಳುವ ಧೈರ್ಯ ಬರಲಿಲ್ಲ. ಯಾಕೆ ಅಂತೀರಾ? ಆ ಹೊಲದಲ್ಲಿ ಪ್ರತಿ ವರ್ಷವೂ ಅಣ್ಣ ಹೇಳಿದ ಮುಸುಕಿನ ಜೋಳವೇ. ಮದುವೆಯಾದ ಇಷ್ಟು ವರ್ಷಕ್ಕೆ ಮೊದಲ ಸಲ ಅತ್ತಿಗೆ ಹಟ ಹಿಡಿದು ತಮ್ಮಿಷ್ಟದ ಬೆಳೆ ಇಟ್ಟಿದ್ದರು. "ನೋಡೇಬಿಡಾನ. ಇದೇನಾರ ಕೆಟ್ರೆ ಇನ್ಮೇಲೆ ಹೊಲದ ವಿಷ್ಯಕ್ಕೆ ನೀನು ಬಾಯಿ ಹಾಕಂಗಿಲ್ಲ" ಎಂದು ಅಣ್ಣ ಕಡ್ಡಿ ಮುರಿದಂತೆ ಹೇಳಿದ್ದ.

ಭಾನುವಾರ ಬಸ್ತಿಹಳ್ಳಿಗೆ ಹೋಗಲು ಹಳೇಬೀಡಿನ ಬಸ್ಸು ಹತ್ತಿದೆ. ದಾರಿಯಲ್ಲಿ ಅಂಗಡಿ ಬೋರ್ಡು, ಒಣಹಾಕಿದ ಸೀರೆ, ಏನು ಹಳದಿ ಕಂಡರೂ ಎದೆ ಡವಡವ.

ಹೊಲದಲ್ಲಿ ನೋಡಿದರೆ ಹಸಿರು ಎಲೆಯ ಮೇಲೆ ಅಲ್ಲಲ್ಲಿ ಹಳದಿ ಮಚ್ಚೆ. ಕಾಯಿ ಇನ್ನೂ ಚಪ್ಪಟೆ, ಒಳಗೆ ಕಾಳೇ ಇಲ್ಲ. ಕೆಳಗೆ ಹುರುಳಿ ಮಾತ್ರ ಚೆನ್ನಾಗಿ ಮೊಳೆತು ಎರಡೆಲೆ ಬಿಟ್ಟಿದೆ.

"ಇದು ಮಾಗಿದ್ದಲ್ಲ ಅತ್ತಿಗೆ, ರೋಗ" ಅಂದೆ.

"ಜೋಳ ಆಗಿದ್ರೆ ನಂಗೇ ಗೊತ್ತಾಗ್ತಿತ್ತು. ಸೋಯಾ ಹೊಸದಲ್ವಾ? ನೀನು ಹಳದಿ ಅಂದೆ. ಯಾವ ಹಳದಿ ಅಂತ ಹೇಳ್ಲಿಲ್ವಲ್ಲಮ್ಮ."

ಬೈದಿದ್ದರೆ ಚೆನ್ನಾಗಿತ್ತು. ಅತ್ತಿಗೆ ಬಗ್ಗಿ ಒಂದು ಸಸಿ ಕಿತ್ತು ನೋಡಿದರು. "ಬಿಟ್ರೆ ಬಳ್ಳಿ ಸೋಯಾ ಮೇಲೆ ಹಬ್ತೈತೆ, ಕಾಳು ಕಟ್ಟಕ್ಕೆ ಬಿಡಲ್ಲ. ಕೀಳಕ್ಕೋದ್ರೆ ಓಡಾಡಿ ಗಿಡ ಮುರೀತೈತೆ. ಯಾವುದು ಮಾಡ್ಲಿ, ಹೇಳು?"

ಗಡಿಬಿಡಿಯಲ್ಲಿ ಮೊಬೈಲಿನಲ್ಲಿ ಆ ವಿಡಿಯೊ ಹುಡುಕಿ ಹಾಕಿದೆ. ಅದರಲ್ಲಿದ್ದಾತ ನಗುನಗುತ್ತಾ ಎರಚುವುದನ್ನಷ್ಟೇ ಹೇಳಿಕೊಟ್ಟ. ಎರಚಿದ್ದನ್ನು ವಾಪಸ್ ತೆಗೆಯುವುದಕ್ಕೆ ಯಾರಾದರೂ ವಿಡಿಯೊ ಮಾಡುತ್ತಾರಾ?

ಇಬ್ಬರೂ ಸೆರಗು ಸಿಕ್ಕಿಸಿಕೊಂಡು ಕೀಳಲು ಕೂತೆವು. ಮಧ್ಯಾಹ್ನದ ಹೊತ್ತಿಗೆ ಆರು ಸಾಲು ಮುಗಿದಿತ್ತು. ಹೊಲ ಒಂದೂವರೆ ಎಕರೆ.

ಆಗ ಬದುವಿನ ಮೇಲೆ ಅಣ್ಣ.

"ಏನೇ ಇದು? ನಿಂತಿರೋ ಬೆಳೆ ಒಳಗೆ ಹುರುಳಿ ಹಾಕು ಅಂತ ಯಾರೇ ಹೇಳಿದ್ದು ನಿಂಗೆ?"

ಅತ್ತಿಗೆ ತಲೆ ಎತ್ತಲಿಲ್ಲ. "ಯಾರೂ ಹೇಳ್ಲಿಲ್ಲ. ನಾನೇ ಹಾಕ್ದೆ."

"ನಾನು ಅವತ್ತೇ ಅಂದೆ. ಬರೋ ವರ್ಷದಿಂದ ಜೋಳಾನೇ."

ನಾನೇನು ಮಾಡಿದೆ? ಊರಿಗೆಲ್ಲ ಉಪದೇಶ ಮಾಡುವ ಬಾಯಿ ತೆರೆಯಲೇ ಇಲ್ಲ. ಬಗ್ಗಿ ಇನ್ನೊಂದು ಸಸಿ ಕಿತ್ತೆ. ಅತ್ತಿಗೆ ಬಡಿಸಿದ ಮುದ್ದೆ ಉಂಡು ಸಂಜೆ ಬಸ್ಸಿಗೆ ಬಂದುಬಿಟ್ಟೆ. ನಾಚಿಕೆಯಾಗುತ್ತಿದೆ.

ಅಂದಿನಿಂದ ದಿನಾ ಬೆಳಿಗ್ಗೆ ಫೋನ್ ಮಾಡುತ್ತೇನೆ. "ಇನ್ನೂ ಕೀಳ್ತಾ ಇವ್ನಿ" ಅನ್ನುತ್ತಾರೆ ಅತ್ತಿಗೆ. ಹಳದಿ ಹರಡಿದೆಯಾ ಎಂದು ಕೇಳಲು ಭಯ. ಕೇಳದೆ ಫೋನ್ ಇಟ್ಟರೆ ಇನ್ನೂ ಭಯ.

ಈ ಪೇಪರ್ ಬಸ್ತಿಹಳ್ಳಿಗೂ ಹೋಗುತ್ತದೆ. ಟೀ ಅಂಗಡಿಯಲ್ಲಿ ಅಣ್ಣ ಮೊದಲು ಓದುವುದೇ ತಂಗಿಯ ಅಂಕಣ (ಓದಿ ನಾಲ್ಕು ಜನಕ್ಕೆ ತೋರಿಸುವುದೂ ಉಂಟು). ಎದುರು ನಿಂತು ಹೇಳಲಾಗದ್ದನ್ನು ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಅಣ್ಣಾ, ಹುರುಳಿ ಎರಚಿ ಅಂದಿದ್ದು ನಾನು. ಬರುವ ವರ್ಷ ಮುಚ್ಚಿಸುವುದಿದ್ದರೆ ನನ್ನ ಬಾಯಿ ಮುಚ್ಚಿಸು, ಅತ್ತಿಗೆಯದಲ್ಲ, ಆಯ್ತಾ?